ದಾಳ ಎತ್ತಿಟ್ಟ ಮೇಲೆ

ಅಳಿಯಾ, ವಾಟರ್‌ಲೂ ಯುದ್ಧದ ಬೋರ್ಡ್ ಆಟ ಮುಗಿದ ಮೇಲೆ ನಮ್ಮ ಚಾವಡಿಯಲ್ಲಿ ಕೂತು ನೀವು ಗೆಳೆಯರು ಆಡಿದ ಮಾತೆಲ್ಲ ನನ್ನ ಕಿವಿಗೆ ಬಿದ್ದಿದೆ. "ದಾಳ ಕೈಕೊಟ್ಟಿತು" ಎಂದೆ ನೀನು. "ನೆಪೋಲಿಯನ್ ತನ್ನ ಮಾರ್ಷಲ್ ಗ್ರೂಶಿಯ ಪಡೆಯನ್ನು ವಾಪಸು ಕರೆಸಿಕೊಂಡಿದ್ದರೆ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು" ಎಂದ ಮಣಿಪಾಲದಿಂದ ಬಂದ ನಿನ್ನ ಗೆಳೆಯ. ಗೆದ್ದವನು ಏನೂ ಹೇಳಲಿಲ್ಲ, ಖುಷಿಯಲ್ಲಿ ಬಿಲ್ಲೆಗಳನ್ನು ಪೆಟ್ಟಿಗೆಗೆ ತುಂಬಿಸಿದ. ಅಷ್ಟರಲ್ಲಿ ಚಹಾ ಬಂತು, ಮಾತು ಕ್ರಿಕೆಟ್ಟಿಗೆ ತಿರುಗಿತು. ಬೆಳಗ್ಗಿನಿಂದ ಸಂಜೆಯವರೆಗೆ ತಲೆ ಬಗ್ಗಿಸಿ ಆಡಿದ ಆಟಕ್ಕೆ ಇಷ್ಟೇ ವಿಮರ್ಶೆ ಸಾಲದು ಎಂದು ನನಗೆ ಬಲವಾಗಿ ಅನಿಸಿತು. ಎದುರಿಗೆ ಕೂರಿಸಿ ಹೇಳಿದರೆ ನೀನು ತಲೆಯಾಡಿಸಿ ಎದ್ದುಹೋಗುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ಬೋರ್ಡಿನ ಮೇಲಿನ ಯುದ್ಧ ಕಾಲಹರಣ ಎನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ನಾನು ಹಾಗೆ ತಿಳಿದವನಲ್ಲ. ನಿಮ್ಮ ಈ ಆಟದ ಬೇರು ಪ್ರಶ್ಯದ ಸೇನೆಯಲ್ಲಿ ಉಂಟು. ರೈಸ್ವಿಟ್ಸ್ ಎಂಬ ಲೆಫ್ಟಿನೆಂಟ್, ತನ್ನ ತಂದೆ ಶುರುಮಾಡಿದ್ದ ಯುದ್ಧದಾಟವನ್ನು ತಿದ್ದಿ, ನಿಜವಾದ ಭೂಪಟದ ಮೇಲೆ ಆಡುವಂತೆ ಮಾಡಿ, 1824ರಲ್ಲಿ ಜನರಲ್ ಮ್ಯುಫ್ಲಿಂಗ್‌ನ ಮುಂದೆ ಆಡಿ ತೋರಿಸಿದ. ಮೊದಮೊದಲು ಅಷ್ಟೇನೂ ಉತ್ಸಾಹ ತೋರದ ಜನರಲ್, ಕೊನೆಗೆ ಇದು ಆಟವೇ ಅಲ್ಲ, ಯುದ್ಧದ ಪಾಠಶಾಲೆ ಎಂಬರ್ಥದ ಮಾತು ಹೇಳಿ ಇಡೀ ಸೇನೆಗೆ ಅದನ್ನು ಶಿಫಾರಸು ಮಾಡಿದ. ಈ ಮ್ಯುಫ್ಲಿಂಗ್ ಯಾರು ಗೊತ್ತುಂಟಾ? 1815ರ ಜೂನ್ 18ರಂದು ವಾಟರ್‌ಲೂನಲ್ಲಿ ವೆಲ್ಲಿಂಗ್ಟನ್‌ನ ಜೊತೆಗಿದ್ದ ಪ್ರಶ್ಯನ್ ಪ್ರತಿನಿಧಿ ಇವನೇ. ನಿಜವಾದ ವಾಟರ್‌ಲೂ ಕಣ್ಣಾರೆ ಕಂಡವನು ಭೂಪಟ, ದಾಳ, ಬಿಲ್ಲೆಗಳನ್ನು ಗಂಭೀರವಾಗಿ ತೆಗೆದುಕೊಂಡ. ಆ ಆಟದಲ್ಲಿ ಆಡುವವರಿಗೆ ಎಲ್ಲವೂ ಕಾಣುತ್ತಿರಲಿಲ್ಲ. ಆಜ್ಞೆಗಳನ್ನು ಚೀಟಿಯಲ್ಲಿ ಬರೆದು ನಡುವಿನ ಪಂಚನಿಗೆ ಕೊಡಬೇಕಿತ್ತು, ಅವನು ಹೇಳಿದಷ್ಟೇ ಗೊತ್ತಾಗುತ್ತಿತ್ತು. ಕೊನೆಯಲ್ಲಿ ಎಲ್ಲರೂ ಕೂತು, ಯಾರು ಯಾವಾಗ ಏನನ್ನು ತಿಳಿದು ಏನು ಮಾಡಿದರು ಎಂದು ಮಾತಾಡುವುದು ಅದರ ಮುಖ್ಯ ಭಾಗ. ದಾಳವೂ ಭೂಪಟವೂ ನಿಮ್ಮವರೆಗೆ ಬಂದಿವೆ, ಆ ಮಾತುಕತೆ ಮಾತ್ರ ಎಲ್ಲೋ ಉದುರಿಹೋಗಿದೆ.

ಮೊದಲು ದಾಳದ ಲೆಕ್ಕ ಮುಗಿಸುವ. ನೆಪೋಲಿಯನ್ ಆಗಿ ಆಡಿದ ನಿನ್ನ ಯೋಜನೆ ನನಗೆ ಚೆನ್ನಾಗಿ ನೆನಪುಂಟು. ಎಡಕ್ಕೆ ಊಗುಮೋ ತೋಟದಮನೆ, ನಡುವೆ ಲಾ ಎ ಸಾಂತ್ ತೋಟದಮನೆ, ಅದರ ಹಿಂದಿನ ದಿಬ್ಬ. ವೆಲ್ಲಿಂಗ್ಟನ್ನನ ನೆರವಿಗೆ ಪ್ರಶ್ಯದವರು ಬರುವ ಮೊದಲು ಈ ಮೂರನ್ನೂ ಒಂದರ ಹಿಂದೆ ಒಂದರಂತೆ ಹಿಡಿಯಬೇಕು. ಮೂರು ಕಡೆಯೂ ನಿನ್ನ ಬಲ ಹೆಚ್ಚಿತ್ತು. ಪ್ರತಿ ಸಲವೂ ದಾಳದಲ್ಲಿ 3ರಿಂದ 6ರವರೆಗೆ ಯಾವುದು ಬಿದ್ದರೂ ನಿನ್ನದೇ ಗೆಲುವು, 1 ಅಥವಾ 2 ಬಿದ್ದರೆ ಮಾತ್ರ ಹಿಂದೆ ಸರಿಯಬೇಕು. ಒಂದೊಂದನ್ನೇ ನೋಡಿದರೆ ಒಳ್ಳೆಯ ಅವಕಾಶವೇ, ಮೂರರಲ್ಲಿ ಎರಡು ಪಾಲು ನಿನ್ನ ಕಡೆ. ಆದರೆ ನಿನಗೆ ಬೇಕಾದದ್ದು ಮೂರೂ. ಮೂರನ್ನೂ ಗುಣಿಸಿ ನೋಡು, 27ರಲ್ಲಿ 8. ನೂರಕ್ಕೆ 30ಕ್ಕಿಂತ ಒಂದಿಷ್ಟು ಕಡಿಮೆ. ಅಂದರೆ ಇದೇ ಆಟವನ್ನು ಇದೇ ಯೋಜನೆಯಲ್ಲಿ ನೂರು ಸಲ ಆಡಿದರೆ ಸುಮಾರು ಎಪ್ಪತ್ತು ಸಲ ನೀನು ಸೋಲುತ್ತೀ. ಎರಡನೆಯ ದಾಳಿಯಲ್ಲಿ 2 ಬಿದ್ದಾಗ ನೀನು ತಲೆಗೆ ಕೈಹಚ್ಚಿ ಕೂತೆ. ಆದರೆ ದಾಳ ಅಲ್ಲಿ ವಿಶೇಷವೇನನ್ನೂ ಮಾಡಲಿಲ್ಲ ಮಾರಾಯ, ನಿನ್ನ ಯೋಜನೆಯ ಲೆಕ್ಕದ ಪ್ರಕಾರವೇ ನಡೆಯಿತು.

ಊಗುಮೋವನ್ನು ಹಿಡಿಯುವ ಗೋಜಿಗೆ ಹೋಗದೆ, ಒಂದಿಷ್ಟು ಪಡೆ ಇಟ್ಟು ತಡೆದು ನಿಲ್ಲಿಸಿದ್ದರೆ ಬೇಕಾಗುತ್ತಿದ್ದದ್ದು ಎರಡೇ ಗೆಲುವು. 9ರಲ್ಲಿ 4, ನೂರಕ್ಕೆ 44. ಆಗಲೂ ಸೋಲುವ ಸಾಧ್ಯತೆಯೇ ಹೆಚ್ಚು, ಆದರೂ 30ಕ್ಕೂ 44ಕ್ಕೂ ಎಷ್ಟು ಅಂತರ ನೋಡು. ನಿಜವಾದ ವಾಟರ್‌ಲೂನಲ್ಲಿ ಆದದ್ದೂ ಇದಕ್ಕೆ ಬಹಳ ಹತ್ತಿರ. ಬೆಳಗ್ಗೆ ಹನ್ನೊಂದೂವರೆಯ ಹೊತ್ತಿಗೆ ಊಗುಮೋ ಮೇಲೆ ಶುರುವಾದ ದಾಳಿ ವೆಲ್ಲಿಂಗ್ಟನ್‌ನ ಗಮನವನ್ನು ಆ ಕಡೆ ಸೆಳೆಯುವುದಕ್ಕಾಗಿ ಹೂಡಿದ್ದು. ಅದು ಇಡೀ ದಿನ ಎಳೆದು, ಸಾವಿರಾರು ಫ್ರೆಂಚ್ ಸೈನಿಕರನ್ನು ನುಂಗಿತು. ಕತ್ತಲಾಗುವವರೆಗೂ ಆ ತೋಟದಮನೆ ಬೀಳಲಿಲ್ಲ.

ಈಗ ಗೆದ್ದವನ ವಿಷಯ. ಅವನಿಗೂ ಇದನ್ನು ಓದಲು ಕೊಡು, ಬೇಸರಪಡದ ಹುಡುಗ ಅವನು. ಮೂರನೆಯ ಪಾಳಿಯಲ್ಲಿ ಅವನು ತನ್ನ ಎಡಬದಿಯ ಕುದುರೆ ಪಡೆಯನ್ನೆಲ್ಲ ನಡುವಿಗೆ ಎಳೆದುಕೊಂಡ. ಎಡಗಡೆ ಒಂದೇ ಒಂದು ಬಿಲ್ಲೆ ಉಳಿದಿತ್ತು. ನೀನು ಆ ಕಡೆ ನೋಡಲೇ ಇಲ್ಲ. ನೋಡಿದ್ದರೆ ಆಟದ ದಿಕ್ಕೇ ಬೇರೆ. ಆಟ ಮುಗಿದಾಗ ಎಲ್ಲರೂ ಅವನ ಬೆನ್ನು ತಟ್ಟಿದರು, ಆ ಮೂರನೆಯ ಪಾಳಿಯನ್ನೇ ಜಾಣತನ ಎಂದು ಹೊಗಳಿದರು. ಮುಂದಿನ ಸಲವೂ ಅವನು ಅದನ್ನೇ ಮಾಡುತ್ತಾನೆ. ಸೋತವನು ಕಡೇ ಪಕ್ಷ ಏನು ತಪ್ಪಿತು ಎಂದು ಹುಡುಕುತ್ತಾನೆ. ಗೆದ್ದವನನ್ನು ಕೇಳುವವರೇ ಇಲ್ಲ, ಆದ್ದರಿಂದ ಅವನ ತಪ್ಪು ಅವನಲ್ಲೇ ಬೇರೂರುತ್ತದೆ. ಇದು ನನಗೆ ನಿನ್ನ ಸೋಲಿಗಿಂತ ಹೆಚ್ಚು ಚಿಂತೆ ಹುಟ್ಟಿಸಿದ ವಿಷಯ.

ನಾನು ಬ್ಯಾಂಕಿನಲ್ಲಿ ಸಾಲದ ಕಡತ ನೋಡುತ್ತಿದ್ದವನು ಎಂದು ನಿನಗೆ ಗೊತ್ತು. ಸಾಲ ಮುಳುಗಿದರೆ ಕಡತ ಮೇಜಿಗೆ ಬರುತ್ತಿತ್ತು. ಆಗ ಕೇಳಬೇಕಾದ ಪ್ರಶ್ನೆ, ಮಂಜೂರು ಮಾಡಿದ ದಿನ ಆ ಕಡತದೊಳಗೆ ಏನೇನು ಕಾಗದ ಇತ್ತು ಎಂಬುದು. ಆಮೇಲೆ ಬಂದ ಕಾಗದವನ್ನು ಹಿಡಿದುಕೊಂಡು ಮಂಜೂರು ಮಾಡಿದವನನ್ನು ಬೈಯುವುದು ಸುಲಭ, ಅದರಿಂದ ಮುಂದಿನ ಸಾಲ ಸರಿಯಾಗಿ ಕೊಡುವುದನ್ನು ಯಾರೂ ಕಲಿಯುವುದಿಲ್ಲ. ನಿನಗೆ ನಾನು ಹೇಳಬೇಕೆಂದಿರುವುದೂ ಇದೇ ಒಂದು ಮಾತು. ಆಟದ ಫಲ ಬೇರೆ, ನೀನು ತೆಗೆದುಕೊಂಡ ತೀರ್ಮಾನ ಬೇರೆ. ಫಲವನ್ನು ನೋಡಿ ತೀರ್ಮಾನಕ್ಕೆ ಅಂಕ ಕೊಡಬೇಡ. ಆ ಗಳಿಗೆಯಲ್ಲಿ ನಿನಗೆ ಏನು ಗೊತ್ತಿತ್ತು, ಗೊತ್ತುಮಾಡಿಕೊಳ್ಳಬಹುದಾಗಿದ್ದದ್ದು ಏನಿತ್ತು, ಇವೆರಡನ್ನು ನೋಡು.

ಇದಕ್ಕೆ ಉದಾಹರಣೆ ವಾಟರ್‌ಲೂ ಇರುವ ಬೆಲ್ಜಿಯಮ್ಮಿನವರೆಗೆ ಹೋಗಿ ತರಬೇಕಾಗಿಲ್ಲ. ನಿನ್ನ ನೆಪೋಲಿಯನ್ ನಮ್ಮ ನೆಲಕ್ಕೆ ಅಷ್ಟೊಂದು ದೂರದವನಲ್ಲ. 1799ರ ಜನವರಿಯಲ್ಲಿ ಕೈರೋದಿಂದ ಅವನು ಟಿಪ್ಪು ಸುಲ್ತಾನನಿಗೆ ಪತ್ರ ಬರೆದಿದ್ದ. ಅದು ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು, ಟಿಪ್ಪುವಿಗೆ ತಲುಪಲಿಲ್ಲ. ಅದೇ ವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿ ಆರ್ಥರ್ ವೆಲ್ಲೆಸ್ಲಿ ಎಂಬ ಕರ್ನಲ್ ಇದ್ದ. ಹದಿನಾರು ವರ್ಷದ ನಂತರ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇವನೇ. ನಮ್ಮ ನಾಡನ್ನು ಗೆದ್ದುಕೊಂಡವರ ಪೈಕಿ ಅವನೊಬ್ಬ, ಅವನನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಸೋಲಿನಿಂದ ಏನನ್ನು ಎತ್ತಿಕೊಳ್ಳಬೇಕು ಎಂಬುದನ್ನು ಅವನಿಂದ ಕಲಿಯಲು ಅಡ್ಡಿ ಇಲ್ಲ.

1799ರ ಏಪ್ರಿಲ್ 5ರ ರಾತ್ರಿ. ಶ್ರೀರಂಗಪಟ್ಟಣದ ಹೊರಗೆ ಸುಲ್ತಾನಪೇಟೆಯ ತೋಪು ಎಂಬಲ್ಲಿ ಟಿಪ್ಪುವಿನ ಸೈನಿಕರು ಅಡಗಿದ್ದರು. ಅಡಕೆ, ತೆಂಗು, ಬಿದಿರು, ನಡುನಡುವೆ ನೀರಿನ ಕಾಲುವೆಗಳು. ನಮ್ಮ ಕಡೆಯ ತೋಟಗಳನ್ನು ನೋಡಿದವನಿಗೆ ರಾತ್ರಿ ಅಂಥ ಜಾಗದಲ್ಲಿ ಕಾಲಿಡುವುದು ಏನೆಂದು ಗೊತ್ತು. ಆ ತೋಪನ್ನು ರಾತ್ರಿಯೇ ಹಿಡಿಯಬೇಕೆಂದು ಜನರಲ್ ಹ್ಯಾರಿಸ್ ವೆಲ್ಲೆಸ್ಲಿಗೆ ಆಜ್ಞೆ ಮಾಡಿದ. ಜಾಗ ಯಾವುದೆಂದು ಸ್ಪಷ್ಟವಿಲ್ಲ, ಮಧ್ಯಾಹ್ನ ಮುಂದೆ ಬಂದು ತೋರಿಸಬೇಕು ಎಂದು ವೆಲ್ಲೆಸ್ಲಿ ಆ ದಿನವೇ ಹ್ಯಾರಿಸ್‌ಗೆ ಚೀಟಿ ಬರೆದಿದ್ದ. ಆದರೂ ಜಾಗವನ್ನು ಹಗಲಿನಲ್ಲಿ ಸರಿಯಾಗಿ ನೋಡದೆಯೇ ರಾತ್ರಿ ಒಳನುಗ್ಗಬೇಕಾಯಿತು. ಕತ್ತಲಲ್ಲಿ ಪಡೆ ಚೆಲ್ಲಾಪಿಲ್ಲಿಯಾಯಿತು. ನಾಲ್ಕೂ ಕಡೆಯಿಂದ ಗುಂಡು, ರಾಕೆಟ್. ಅವನ ಮೊಣಕಾಲಿಗೂ ಒಂದು ಗುಂಡು ತಾಗಿತು. ಹನ್ನೆರಡು ಮಂದಿ ಸೈನಿಕರು ಟಿಪ್ಪುವಿನವರ ಕೈಗೆ ಸೆರೆ ಸಿಕ್ಕಿದರು. ಮಧ್ಯರಾತ್ರಿಯ ಹೊತ್ತಿಗೆ ಅವನು ತುಂಬಾ ಕಂಗೆಟ್ಟು ಹ್ಯಾರಿಸ್‌ನ ಡೇರೆಗೆ ಬಂದು ಸೋಲನ್ನು ಹೇಳಿದ. ಮರುದಿನ ಹಗಲಿನಲ್ಲಿ ಹೆಚ್ಚಿನ ಪಡೆಯೊಂದಿಗೆ ಅದೇ ತೋಪನ್ನು ಸುಲಭವಾಗಿ ಹಿಡಿದ.

ಇದರಲ್ಲಿ ನೀನು ಎರಡು ಸಂಗತಿ ಗಮನಿಸಬೇಕು. ಅದೇ ರಾತ್ರಿ, ಅದೇ ಆಜ್ಞೆಯ ಮೇಲೆ, ಶಾ ಎಂಬ ಇನ್ನೊಬ್ಬ ಕರ್ನಲ್ ಪಕ್ಕದ ಒಂದು ಹಾಳುಬಿದ್ದ ಹಳ್ಳಿಯ ಮೇಲೆ ದಾಳಿ ಮಾಡಿದ. ಅವನು ಗೆದ್ದ. ರಾತ್ರಿದಾಳಿ ಸರಿಯೋ ತಪ್ಪೋ ಎಂಬುದನ್ನು ಫಲ ನೋಡಿ ತೀರ್ಮಾನಿಸುವುದಾದರೆ ಒಂದೇ ರಾತ್ರಿ ಸರಿಯೂ ಆಗಿತ್ತು, ತಪ್ಪೂ ಆಗಿತ್ತು ಎಂದು ಹೇಳಬೇಕಾಗುತ್ತದೆ! ಎರಡನೆಯದು, ವೆಲ್ಲೆಸ್ಲಿ ತನಗೆ ಹಾಕಿಕೊಂಡ ನಿಯಮ. ಇನ್ನು ಮುಂದೆ, ತನ್ನ ಕೈಯಲ್ಲಿದ್ದಷ್ಟು ಮಟ್ಟಿಗೆ, ಸಿದ್ಧನಾಗಿ ಗಟ್ಟಿ ನೆಲೆಯಲ್ಲಿ ಕೂತಿರುವ ಶತ್ರುವಿನ ಮೇಲೆ, ಹಗಲಿನಲ್ಲಿ ಆ ನೆಲೆಯನ್ನು ನೋಡಿಕೊಳ್ಳದೆ ರಾತ್ರಿದಾಳಿಗೆ ಬಿಡುವುದಿಲ್ಲ ಎಂದು ಅವನು ಕೆಲವೇ ದಿನಗಳಲ್ಲಿ ತನ್ನ ಅಣ್ಣನಿಗೆ ಬರೆದ. ಆ ನಿಯಮ ಎಷ್ಟು ಅಳತೆಯದ್ದು ನೋಡು. ರಾತ್ರಿದಾಳಿಯೇ ಕೂಡದು ಎನ್ನಲಿಲ್ಲ, ಹ್ಯಾರಿಸ್ ಕೆಡಿಸಿದ ಎನ್ನಲಿಲ್ಲ, ಹಣೆಬರಹ ಎನ್ನಲೂ ಇಲ್ಲ. ಮುಂದಿನ ಸಲ ಮಾಡಬಹುದಾದ ಒಂದು ಕೆಲಸವನ್ನು ಮಾತ್ರ ಎತ್ತಿಕೊಂಡ. ನಿನ್ನ "ದಾಳ ಕೈಕೊಟ್ಟಿತು" ಎಂಬುದರಲ್ಲಿ ಮುಂದಿನ ಸಲಕ್ಕೆ ಮಾಡಲು ಏನುಂಟು ಹೇಳು?

ಟಿಪ್ಪುವಿನ ಕಡೆಯವರು ಆ ರಾತ್ರಿಯ ಗೆಲುವಿನಿಂದ ಏನು ತಿಳಿದುಕೊಂಡರೋ, ಅದನ್ನು ನಮಗೆ ಹೇಳಲು ಸುಲ್ತಾನ ಉಳಿಯಲಿಲ್ಲ. ಮೇ 4ರ ಮಧ್ಯಾಹ್ನ ಕೋಟೆ ಬಿತ್ತು, ಅವನೂ ಬಿದ್ದ. ನಮ್ಮ ನೆಲದ ಯುದ್ಧಗಳ ವಿಮರ್ಶೆ ಹೆಚ್ಚಾಗಿ ಗೆದ್ದವರ ಕಾಗದಪತ್ರಗಳಲ್ಲೇ ನಮಗೆ ಸಿಗುತ್ತದೆ. ಈ ಕೊರತೆ ನನ್ನನ್ನು ಯಾವಾಗಲೂ ಕಾಡಿದೆ.

ಇನ್ನೊಂದು ಪತ್ರದ ವಿಷಯ ಹೇಳುತ್ತೇನೆ. ಇದರ ಎಳೆ ನಮ್ಮ ಕರಾವಳಿಯನ್ನೂ ಮುಟ್ಟುತ್ತದೆ. ಟಿಪ್ಪು ಬಿದ್ದ ಮೇಲೆ ಕೆನರಾ ಜಿಲ್ಲೆಗೆ, ಅಂದರೆ ನಮ್ಮ ಉಡುಪಿ, ಮಂಗಳೂರು, ಕಾರ್ಕಳವೆಲ್ಲ ಸೇರಿದ ಸೀಮೆಗೆ, ಕಂಪನಿಯ ಮೊದಲ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಮೂಲತಃ ಸೈನಿಕ. 1800ರಲ್ಲಿ ಇಲ್ಲಿಂದ ಬಳ್ಳಾರಿ, ಕಡಪದ ಕಡೆಗೆ ಹೋದ. 1803ರ ಸೆಪ್ಟೆಂಬರ್ 23ರಂದು ವೆಲ್ಲೆಸ್ಲಿ ಈಗಿನ ಮಹಾರಾಷ್ಟ್ರದ ಅಸ್ಸಾಯೆಯಲ್ಲಿ ಸಿಂಧಿಯಾ ಮತ್ತು ಬೇರಾರಿನ ಭೋಂಸ್ಲೆಯ ಸೈನ್ಯವನ್ನು ಸೋಲಿಸಿದ. ಮೈಸೂರಿನ ಕುದುರೆ ಪಡೆಯೂ ಅಲ್ಲಿ ಅವನ ಜೊತೆಗಿತ್ತು. ಎದುರಿಗಿದ್ದದ್ದು ಹಲವು ಪಟ್ಟು ದೊಡ್ಡ ಸೈನ್ಯ, ಆದರೂ ಗೆದ್ದ. ಊರೆಲ್ಲ ಹೊಗಳಿತು. ಮನ್ರೋ ಮಾತ್ರ ಹೊಗಳಿಕೆಗೆ ನಿಲ್ಲದೆ ಪ್ರಶ್ನೆಗಳನ್ನು ಬರೆದು ಕಳಿಸಿದ. ಪಡೆಯನ್ನು ಎರಡು ಭಾಗ ಮಾಡಿದ್ದು ಯಾಕೆ? ಇನ್ನೊಂದು ಭಾಗ ಬಂದು ಸೇರುವ ಮೊದಲೇ ಕಾದಾಡಿದ್ದು ಯಾಕೆ?

ಗೆದ್ದ ಸೇನಾಪತಿಗೆ ಇಂಥ ಪ್ರಶ್ನೆ ಕೇಳಿದರೆ ಮುಖ ಸಿಂಡರಿಸಬಹುದಿತ್ತು. ಆದರೆ ನವೆಂಬರ್ 1ರಂದು ವೆಲ್ಲೆಸ್ಲಿ ಮನ್ರೋಗೆ ಉದ್ದದ ಉತ್ತರ ಬರೆದ. ನೀನು ಯುದ್ಧ ಬಲ್ಲವನು, ನಿನ್ನ ಅಭಿಪ್ರಾಯ ನನ್ನ ಕಡೆಗಿರಬೇಕೆಂಬ ಆಸೆ, ಆದ್ದರಿಂದ ವಿವರವಾಗಿ ಹೇಳುತ್ತೇನೆ ಎಂಬ ಧಾಟಿ. ಶತ್ರು ಭೋಕರ್ದನ್‌ನಲ್ಲಿ ಇದ್ದಾನೆ ಎಂದು ಹರಿಕಾರರು ಸುದ್ದಿ ತಂದರು, ಭೋಕರ್ದನ್ ಎಂಬುದು ಊರಿನ ಹೆಸರೂ ಹೌದು, ಇಡೀ ಸೀಮೆಯ ಹೆಸರೂ ಹೌದು, ಹೀಗಾಗಿ ಎಣಿಸಿದ್ದಕ್ಕಿಂತ ಬೇಗನೆ ಶತ್ರು ಎದುರಾದ ಎಂದು ವಿವರಿಸಿದ. ಕಾವಲು ತುಕಡಿಯ ಅಧಿಕಾರಿಯೊಬ್ಬ ದಿಕ್ಕು ತಪ್ಪಿ ಬಲಕ್ಕೆ ಹೆಚ್ಚು ಸರಿದು ಅಸ್ಸಾಯೆ ಊರಿನ ಫಿರಂಗಿಗಳ ಬಾಯಿಗೇ ಹೋದ, ಅವನ ಹಿಂದೆ ಹೋದ ರೆಜಿಮೆಂಟು ನುಚ್ಚುನೂರಾಯಿತು. ಆ ತಪ್ಪನ್ನು ವೆಲ್ಲೆಸ್ಲಿ ಮುಚ್ಚಿಡಲಿಲ್ಲ, ಆದರೆ ಆ ಅಧಿಕಾರಿಯ ಧೈರ್ಯಕ್ಕೆ ಕಳಂಕ ಹಚ್ಚಲೂ ಇಲ್ಲ. ವೆಲ್ಲೆಸ್ಲಿಯ ಸುಮಾರು 1,600 ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಮುದುಕನಾದ ಮೇಲೆ, ನೀನು ಮಾಡಿದ ಕಾಳಗಗಳಲ್ಲಿ ಅತ್ಯುತ್ತಮವಾದದ್ದು ಯಾವುದು ಎಂದು ಕೇಳಿದವರಿಗೆ ವಾಟರ್‌ಲೂ ಎನ್ನದೆ ಅಸ್ಸಾಯೆ ಎಂದನಂತೆ.

ಆ ಕಾಳಗದಲ್ಲಿ ನನಗೆ ಬಹಳ ಇಷ್ಟವಾದ ಒಂದು ಗಳಿಗೆ ಉಂಟು. ಕೈಲ್ನಾ ನದಿಯನ್ನು ದಾಟಬೇಕಿತ್ತು. ದಾರಿ ತೋರಿಸುವವರು ಇಲ್ಲಿ ಕಡವು ಇಲ್ಲ, ದಾಟಲು ಆಗುವುದಿಲ್ಲ ಎಂದು ಖಂಡಿತವಾಗಿ ಹೇಳಿದರು. ವೆಲ್ಲೆಸ್ಲಿ ದುರ್ಬೀನಿನಲ್ಲಿ ನೋಡಿದ. ನದಿಯ ಈಚೆ ಒಂದು ಹಳ್ಳಿ, ಆಚೆ ಎದುರಿಗೇ ಇನ್ನೊಂದು ಹಳ್ಳಿ. ಎರಡು ಹಳ್ಳಿ ಹೀಗೆ ಮುಖಾಮುಖಿ ಕೂತಿದ್ದರೆ ನಡುವೆ ಜನ ಓಡಾಡುವ ದಾರಿ ಇರಲೇಬೇಕು ಎಂದು ಲೆಕ್ಕಹಾಕಿ ಪಡೆಯನ್ನು ಅತ್ತ ನಡೆಸಿದ. ಕಡವು ಇತ್ತು. ಸ್ವರ್ಣೆಯ ದಂಡೆಯ ಊರುಗಳನ್ನು ಬಲ್ಲ ನಿನಗೆ ಈ ತರ್ಕ ತಕ್ಷಣ ಹೊಳೆಯುತ್ತದೆ. ಒಂದು ವೇಳೆ ಆ ವರ್ಷದ ಮಳೆಗೆ ಕಡವು ಕೊಚ್ಚಿಹೋಗಿದ್ದರೆ? ಅವನ ಲೆಕ್ಕ ಆಗಲೂ ಒಳ್ಳೆಯ ಲೆಕ್ಕವೇ, ಆದರೆ ನಾವು ಅವನನ್ನು ಮೂರ್ಖ ಎನ್ನುತ್ತಿದ್ದೆವು.

ಗ್ರೂಶಿಗೆ ಈಗ ಬರುತ್ತೇನೆ, ಯಾಕೆಂದರೆ ನಿನ್ನ ಗೆಳೆಯನ ಮಾತು ನನಗೆ ಹಿಡಿಸಲಿಲ್ಲ. ಜೂನ್ 16ರಂದು ನೆಪೋಲಿಯನ್ ಲಿನ್ಯೀಯಲ್ಲಿ ಪ್ರಶ್ಯದ ಬ್ಲೂಖರ್‌ನನ್ನು ಸೋಲಿಸಿದ. ಸೋತ ಪ್ರಶ್ಯದವರು ಪೂರ್ವಕ್ಕೆ, ತಮ್ಮ ನಾಡಿನ ಕಡೆಗೆ ಓಡುತ್ತಿದ್ದಾರೆ ಎಂದು ಎಣಿಸಿ, 17ರಂದು ಸುಮಾರು 33,000 ಮಂದಿಯನ್ನು ಕೊಟ್ಟು ಗ್ರೂಶಿಯನ್ನು ಅವರ ಬೆನ್ನಟ್ಟಲು ಕಳಿಸಿದ. ಅವರು ಹೋದದ್ದು ಉತ್ತರಕ್ಕೆ, ವಾವ್ರ್ ಎಂಬ ಊರಿಗೆ. ಅಲ್ಲಿಂದ ವಾಟರ್‌ಲೂ ರಣರಂಗಕ್ಕೆ ಇರುವ ದೂರ ಹೆಚ್ಚುಕಡಿಮೆ ನಮ್ಮ ಅಂಬಲಪಾಡಿಯಿಂದ ಕಾಪು ದಾಟಿದಷ್ಟು. 18ರ ಮಧ್ಯಾಹ್ನ ದೂರದಲ್ಲಿ ಫಿರಂಗಿಗಳ ಸದ್ದು ಕೇಳಿದಾಗ ಅತ್ತ ಹೋಗೋಣ ಎಂದು ಜೆರಾರ್ ಎಂಬ ಜನರಲ್ ಒತ್ತಾಯಿಸಿದ. ಗ್ರೂಶಿ ತನಗೆ ಸಿಕ್ಕಿದ್ದ ಆಜ್ಞೆಗೆ ಅಂಟಿಕೊಂಡ. ಅವನು ವಾವ್ರ್‌ನಲ್ಲಿ ಪ್ರಶ್ಯದ ಒಂದು ದಳದೊಡನೆ ಕಾದಾಡುತ್ತಿದ್ದಾಗ ಉಳಿದ ಮೂರು ದಳ ವಾಟರ್‌ಲೂ ಕಡೆ ನಡೆದಿದ್ದವು. ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಲ್ಲಿ ಕೂತ ನೆಪೋಲಿಯನ್ ಗ್ರೂಶಿಯನ್ನೂ ಮಾರ್ಷಲ್ ನೇಯನ್ನೂ ದೂರುತ್ತಾ ದಿನ ಕಳೆದ. ಅವತ್ತಿನಿಂದ ಜಗತ್ತು ಅದನ್ನೇ ಹೇಳುತ್ತಾ ಬಂದಿದೆ, ನಿನ್ನ ಗೆಳೆಯನೂ ಹೇಳಿದ.

ಗ್ರೂಶಿ ಸದ್ದು ಕೇಳಿದ ಕಡೆಗೆ ಹೊರಟಿದ್ದರೂ ಆ ಕೆಸರಿನಲ್ಲಿ ಹೊತ್ತಿಗೆ ತಲುಪುತ್ತಿದ್ದನೇ ಎಂಬುದು ಅನುಮಾನವೇ. ಹಿಂದಿನ ರಾತ್ರಿ ಜಡಿಮಳೆ. ಜೂನ್ ತಿಂಗಳ ಗದ್ದೆಬದುವಿನಲ್ಲಿ ನಡೆದ ನಮಗೆ ಅದನ್ನು ವಿವರಿಸಬೇಕಾಗಿಲ್ಲ. ನೆಲ ಒಣಗಲಿ, ಫಿರಂಗಿ ಎಳೆಯಲು ಆಗಲಿ ಎಂದು ನೆಪೋಲಿಯನ್ ಕೂಡ ಬೆಳಗಿನ ಎಷ್ಟೋ ಹೊತ್ತು ಕಾದ. ಅದೂ ತಪ್ಪು ಎಂದು ಇವತ್ತು ಎಲ್ಲರೂ ಹೇಳುತ್ತಾರೆ, ಪ್ರಶ್ಯದವರು ಸಂಜೆ ಬಂದರು ಎಂದು ಗೊತ್ತಿರುವುದರಿಂದ. ನಿಮ್ಮ ಆಟದಲ್ಲಂತೂ ಪ್ರಶ್ಯದವರು ಯಾವ ಪಾಳಿಯಲ್ಲಿ, ಬೋರ್ಡಿನ ಯಾವ ಅಂಚಿನಿಂದ ಬರುತ್ತಾರೆ ಎಂದು ನಿಯಮದ ಪುಸ್ತಕದಲ್ಲೇ ಅಚ್ಚಾಗಿದೆ. ನೆಪೋಲಿಯನ್‌ಗೆ ಆ ಪುಸ್ತಕ ಇರಲಿಲ್ಲ. ಅವನಿಗೆ ಗೊತ್ತಿಲ್ಲದ್ದನ್ನು ನೀವು ತಿಳಿದುಕೊಂಡು ಆಡಿದಿರಿ, ಆಮೇಲೆ ಅವನಿಗಿಂತ ಚೆನ್ನಾಗಿ ಯೋಚಿಸಿದೆವು ಎಂದುಕೊಂಡಿರಿ. ಅವನದ್ದೇ ತಪ್ಪು ಬೇಕಾದರೆ ಬೇರೆ ಕಡೆ ಹುಡುಕು. ಪ್ರಶ್ಯದವರು ಎಲ್ಲಿಗೆ ಹೋದರು ಎಂದು 17ರ ಬೆಳಗ್ಗೆಯೇ ಸರಿಯಾಗಿ ಹುಡುಕಿಸದೆ ಹೊತ್ತು ಕಳೆದದ್ದು, ಅದು ನನ್ನ ಪ್ರಕಾರ ದೊಡ್ಡ ತಪ್ಪು. ಗೊತ್ತುಮಾಡಿಕೊಳ್ಳಬಹುದಾಗಿದ್ದದ್ದನ್ನು ಗೊತ್ತುಮಾಡಿಕೊಳ್ಳಲಿಲ್ಲ.

ತಾಳಮದ್ದಳೆ ಕೇಳಿ ಬೆಳೆದವನು ನೀನು. ಅಭಿಮನ್ಯು ಕಾಳಗದಲ್ಲಿ ಅಭಿಮನ್ಯುವಿನ ಅರ್ಥ ಹೇಳುವವನಿಗೆ ಪ್ರಸಂಗದ ಕೊನೆ ಗೊತ್ತು. ಸೈಂಧವ ಬಾಗಿಲಲ್ಲಿ ಭೀಮಾದಿಗಳನ್ನು ತಡೆಯುತ್ತಾನೆ, ಹಿಂದೆ ಯಾರೂ ಬರುವುದಿಲ್ಲ ಎಂದು ಗೊತ್ತು. ಆದರೆ ಪಾತ್ರಕ್ಕೆ ಗೊತ್ತಿಲ್ಲ. ದೊಡ್ಡಪ್ಪಂದಿರು ಬೆನ್ನಿಗಿದ್ದಾರೆ ಎಂಬ ನಂಬಿಕೆಯಲ್ಲೇ ಅವನು ವ್ಯೂಹದ ಮುಂದೆ ಮಾತಾಡಬೇಕು. ಕೊನೆಯನ್ನು ಬಾಯಲ್ಲಿಟ್ಟುಕೊಂಡು ಅರ್ಥ ಹೇಳಿದರೆ ಸಭೆ ಒಪ್ಪುವುದಿಲ್ಲ. ಒಳ್ಳೆಯ ಅರ್ಥಧಾರಿ ಇವತ್ತು ಕರ್ಣನಾಗಿ ವಾದಿಸಿದ್ದನ್ನು ನಾಳೆ ಅರ್ಜುನನಾಗಿ ಕೂತು ಅಷ್ಟೇ ಪ್ರಾಮಾಣಿಕವಾಗಿ ಖಂಡಿಸುತ್ತಾನೆ. ಈ ವಿದ್ಯೆ ನಮ್ಮ ಊರಿನಲ್ಲಿ ಹುಟ್ಟಿದವರಿಗೆ ರಕ್ತದಲ್ಲೇ ಉಂಟು. ಅದನ್ನು ಬೋರ್ಡಿನ ಮುಂದೆ ಯಾಕೆ ಮರೆಯುತ್ತೀರಿ?

ನೆನಪನ್ನು ನಂಬಬೇಡಿ ಎಂದೂ ಹೇಳಬೇಕು. ವಿಲಿಯಂ ಸೈಬೋರ್ನ್ ಎಂಬ ಇಂಗ್ಲಿಷ್ ಅಧಿಕಾರಿ ವಾಟರ್‌ಲೂ ರಣರಂಗದ ದೊಡ್ಡ ಮಾದರಿಯೊಂದನ್ನು ಮಾಡಲು ಹೊರಟ. ಸಂಜೆ ಏಳು ಗಂಟೆಯ ಸುಮಾರಿಗೆ ಯಾರು ಎಲ್ಲಿದ್ದರು ಎಂದು ಬದುಕುಳಿದ ಅಧಿಕಾರಿಗಳಿಗೆ ಪತ್ರ ಬರೆದು ಕೇಳಿದ. ನೂರಾರು ಉತ್ತರ ಬಂದವು, ಒಂದಕ್ಕೊಂದು ತಾಳೆಯಾಗದವು ಎಷ್ಟೋ. 1838ರಲ್ಲಿ ಹತ್ತಾರು ಸಾವಿರ ಪುಟ್ಟ ಲೋಹದ ಸೈನಿಕರ ಆ ಮಾದರಿ ಲಂಡನ್ನಿನಲ್ಲಿ ಪ್ರದರ್ಶನಕ್ಕೆ ಬಂತು. ಪ್ರಶ್ಯದವರಿಗೆ ಹೆಚ್ಚು ಪಾಲು ಸಿಕ್ಕಿದೆ ಎಂದು ವೆಲ್ಲಿಂಗ್ಟನ್‌ನ ಕಡೆಯವರಿಗೆ ಅಸಮಾಧಾನ. ಪಾಪ, ಸೈಬೋರ್ನ್ ಒತ್ತಡಕ್ಕೆ ಮಣಿದು ಪ್ರಶ್ಯದ ಸಾವಿರಾರು ಸೈನಿಕರನ್ನು ಮಾದರಿಯಿಂದ ಕಿತ್ತುಹಾಕಿದ. ಸುಲ್ತಾನಪೇಟೆಯ ಸೋಲನ್ನು ಅಷ್ಟು ಅಳತೆಯಾಗಿ ಬರೆದ ಮನುಷ್ಯನ ಅತಿದೊಡ್ಡ ಗೆಲುವಿನ ವಿಷಯದಲ್ಲೇ ಹೀಗಾಯಿತು. ಇದನ್ನು ಓದಿದಾಗ ನನಗೆ ನಿಜಕ್ಕೂ ನೋವಾಯಿತು.

ಇನ್ನೂ ಒಂದು ಮಾತಿದೆ, ಇದು ಆಟದ ಜಾಣತನಕ್ಕೆ ಸಂಬಂಧಪಟ್ಟದ್ದಲ್ಲ. ನೀನು ಬೆರಳ ತುದಿಯಲ್ಲಿ ಎತ್ತಿ ಪಕ್ಕಕ್ಕಿಡುವ ಒಂದೊಂದು ಬಿಲ್ಲೆಯೂ ಸಾವಿರಾರು ಮನುಷ್ಯರು. ಅಸ್ಸಾಯೆಯಲ್ಲಿ ಎರಡೂ ಕಡೆ ಸತ್ತವರಲ್ಲಿ ಹೆಚ್ಚಿನವರು ನಮ್ಮ ದೇಶದ ಸಿಪಾಯಿಗಳು. ಅಧಿಕಾರಿಗಳ ಹೆಸರು ಗೋರಿಕಲ್ಲಿನ ಮೇಲೆ ಉಂಟು, ಇವರ ಹೆಸರು ಎಲ್ಲೂ ಇಲ್ಲ. ಆಟ ಆಡಬೇಡ ಎಂದು ನಾನು ಹೇಳುತ್ತಿಲ್ಲ. "ಹೋದರೆ ಹೋಗಲಿ, ಇನ್ನೊಂದು ಬಿಲ್ಲೆ ಉಂಟಲ್ಲ" ಎಂದು ನೀನು ಊಗುಮೋದಲ್ಲಿ ಹೇಳಿದೆಯಲ್ಲ, ಆ ಮಾತು ಮಾತ್ರ ನಿನ್ನ ಬಾಯಲ್ಲಿ ಮತ್ತೆ ಬರಬಾರದು. ಹಾಗೆ ಹೇಳದವನು ಆಟವನ್ನೂ ಹೆಚ್ಚು ಚೆನ್ನಾಗಿ ಆಡುತ್ತಾನೆ, ಯಾಕೆಂದರೆ ಪಡೆಯನ್ನು ಒತ್ತೆಯಿಡುವ ಮೊದಲು ಅವನು ಎರಡು ಸಲ ಯೋಚಿಸುತ್ತಾನೆ.

ಮುಂದಿನ ಭಾನುವಾರಕ್ಕೆ ಹೀಗೆ ಮಾಡುವ. ನೀನು ವೆಲ್ಲಿಂಗ್ಟನ್ ಆಗು, ಗೆದ್ದವನು ನೆಪೋಲಿಯನ್ ಆಗಲಿ. ಪಡೆಗಳನ್ನು ಮೂರನೆಯ ಪಾಳಿಯಲ್ಲಿ ಇದ್ದ ಹಾಗೆಯೇ ಇಟ್ಟು ಅಲ್ಲಿಂದ ಶುರುಮಾಡಿ, ಅವನ ಎಡಬದಿ ಎಷ್ಟು ಬರಿದಾಗಿತ್ತು ಎಂದು ಈ ಸಲ ಅವನೇ ಎದುರಿನಿಂದ ನೋಡಲಿ. ಇಬ್ಬರ ಬಳಿಯೂ ಒಂದೊಂದು ನೋಟುಪುಸ್ತಕ ಇರಲಿ. ಪ್ರತಿ ಪಾಳಿಯಲ್ಲಿ ದಾಳ ಹಾಕುವ ಮೊದಲು ಮೂರು ಸಾಲು ಬರೆಯಬೇಕು. ಎದುರಾಳಿ ಏನು ಮಾಡುತ್ತಾನೆ ಎಂದು ಎಣಿಸಿದ್ದೀ, ನೀನು ಏನು ಮಾಡುತ್ತೀ, ಅದು ಕೈಗೂಡುವ ಸಾಧ್ಯತೆ ನೂರಕ್ಕೆ ಎಷ್ಟು. ದಾಳ ಬಿದ್ದ ಮೇಲೆ ಆ ಪುಟವನ್ನು ತಿದ್ದುವ ಹಾಗಿಲ್ಲ. ಪ್ರಶ್ಯದ ಬಿಲ್ಲೆಗಳು ನನ್ನ ಹತ್ತಿರ ಇರುತ್ತವೆ. ಅವರು ಬರುತ್ತಾರೋ ಇಲ್ಲವೋ, ಬಂದರೆ ಯಾವ ಪಾಳಿಯಲ್ಲಿ ಎಂದು ನಾನು ಒಳಕೋಣೆಯಲ್ಲಿ ದಾಳ ಹಾಕಿ ಚೀಟಿ ಬರೆದಿಡುತ್ತೇನೆ. ಆಟ ಮುಗಿದ ಮೇಲೆ ಯಾರೂ ಬಾಯಿ ಬಿಡುವ ಮೊದಲು ಇಬ್ಬರೂ ಪುಸ್ತಕ ಅದಲುಬದಲು ಮಾಡಿಕೊಂಡು ಓದಬೇಕು. ಊಟ ನಮ್ಮಲ್ಲೇ, ನಿನ್ನ ಮಾಮಿಗೆ ಹೇಳಿದ್ದೇನೆ. ಹೊತ್ತಿಗೆ ಮುಂಚೆ ಬಾ, ಭೂಪಟ ಹಾಸುವುದಕ್ಕೇ ಒಂದು ಗಂಟೆ ಬೇಕು.